ಅಮೆರಿಕದಲ್ಲಿ ಬಿ ಫಾರಂ ಯಾರು ಕೊಡ್ತಾರೆ?

(ರಜೆಗೆ ಮೈಸೂರಿಗೆ ಬಂದಿದ್ದಾಗ ಗೆಳೆಯರ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ. ತಡವರಿಸಿದ್ದನ್ನು ತೆಗೆದಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ನಾನಿನ್ನೂ ಮೈಕ್ ಸರಿ ಮಾಡಿಕೊಳ್ಳುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಅದೆಲ್ಲ ಇರಲಿ, ಅಲ್ಲಿ ಬಿ ಫಾರಂ ಯಾರು ಕೊಡ್ತಾರೆ?" ಅಂದರು. ಎಲ್ಲರೂ ನಕ್ಕರು. ನಾನು ಬರೆದುಕೊಂಡು ಬಂದಿದ್ದ ಟಿಪ್ಪಣಿಯ ಮೊದಲ ಎರಡು ಪುಟ ಅಲ್ಲಿಗೇ ದಂಡವಾಯಿತು. ಯಾಕೆಂದರೆ ಅಮೆರಿಕದ ಪಕ್ಷಗಳು ಅಭ್ಯರ್ಥಿಯನ್ನು ಆರಿಸುವ ಬಗೆ ಅನ್ನುವ ನನ್ನ ವಿಷಯವನ್ನು ಶುರು ಮಾಡಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ನಮ್ಮಲ್ಲಿ ಚುನಾವಣೆ ಬಂತು ಅಂದರೆ ಏನಾಗುತ್ತದೆ? ಆಕಾಂಕ್ಷಿಗಳು ದೆಹಲಿಗೆ ಓಡುತ್ತಾರೆ, ಹೈಕಮಾಂಡ್ ಸಭೆ ನಡೆಸುತ್ತದೆ, ನಡುರಾತ್ರಿ ಪಟ್ಟಿ ಬರುತ್ತದೆ, ಬೆಳಿಗ್ಗೆ ಟಿಕೆಟ್ ತಪ್ಪಿದವರು ಕಣ್ಣೀರು ಹಾಕುತ್ತಾರೆ. ಅಮೆರಿಕದಲ್ಲಿ ಬಿ ಫಾರಂ ಕೊಡುವುದು ಮತದಾರರೇ. ನವೆಂಬರಿನ ದೊಡ್ಡ ಚುನಾವಣೆಗೆ ಕೆಲವು ತಿಂಗಳು ಮೊದಲು ಇನ್ನೊಂದು ಚುನಾವಣೆ ನಡೆಯುತ್ತದೆ. ಅದರಲ್ಲಿ ಗೆದ್ದವರಿಗೆ ಪಕ್ಷದ ಟಿಕೆಟ್. ಅದೇ ಪ್ರೈಮರಿ. ಅಧ್ಯಕ್ಷರು ಒಪ್ಪಲಿ, ಬಿಡಲಿ, ಪಕ್ಷದ ಕಚೇರಿಯಲ್ಲಿ ಎಲ್ಲರಿಗೂ ಆಗದ ಮನುಷ್ಯನಾಗಿರಲಿ, ಪ್ರೈಮರಿ ಗೆದ್ದರೆ ಅವನೇ ಅಭ್ಯರ್ಥಿ.

ಇದು ಮೊದಲಿನಿಂದಲೂ ಹೀಗಿರಲಿಲ್ಲ. ಮೊದಲು ಅಲ್ಲೂ ದೊಡ್ಡ ಮನುಷ್ಯರು ಕೋಣೆಯಲ್ಲಿ ಚುರುಟು ಸೇದುತ್ತಾ ಹೆಸರು ಆರಿಸುತ್ತಿದ್ದರು. ಅದನ್ನು ಮುರಿಯಬೇಕು ಅಂತ ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ರಾಬರ್ಟ್ ಲಾ ಫಾಲೆಟ್ ಹಟ ಹಿಡಿದರು, 1904ರಲ್ಲಿ ಅಲ್ಲಿನ ಜನ ಮತ ಹಾಕಿ ಪ್ರೈಮರಿ ಪದ್ಧತಿಯನ್ನು ಒಪ್ಪಿದರು, ಆಮೇಲೆ ಉಳಿದ ರಾಜ್ಯಗಳೂ ಒಂದೊಂದಾಗಿ ಹಿಂದೆ ಬಂದವು. ಇದಕ್ಕೊಂದು ಕೆಟ್ಟ ಮುಖವೂ ಇತ್ತು. ಟೆಕ್ಸಾಸ್‌ನಂಥ ದಕ್ಷಿಣದ ರಾಜ್ಯಗಳಲ್ಲಿ "ಪಕ್ಷ ಅಂದರೆ ಖಾಸಗಿ ಕೂಟ, ಇಲ್ಲಿ ಬಿಳಿಯರಿಗೆ ಮಾತ್ರ ಮತ" ಅಂದುಬಿಟ್ಟಿದ್ದರು. ಡೆಮೊಕ್ರಾಟಿಕ್ ಪಕ್ಷ ಬಿಟ್ಟು ಬೇರೆ ಯಾರೂ ಗೆಲ್ಲದ ಜಾಗದಲ್ಲಿ ಪ್ರೈಮರಿಯಿಂದ ಹೊರಗಿಟ್ಟರೆ ಮತದ ಹಕ್ಕನ್ನೇ ಕಿತ್ತುಕೊಂಡ ಹಾಗೆ, ಅಲ್ವಾ? ಸುಪ್ರೀಂ ಕೋರ್ಟ್ ಇದನ್ನು ತಪ್ಪೆಂದು ಹೇಳಿದ್ದು 1944ರಲ್ಲಿ. ಪ್ರೈಮರಿಯಲ್ಲಿ ಯಾರು ಮತ ಹಾಕಬಹುದು ಅನ್ನುವ ಜಗಳ ಅಷ್ಟು ಹಳೆಯದು.

ಈಗ ನಮ್ಮ ಪ್ರಶ್ನೆಗೆ ಬರೋಣ: ಪ್ರೈಮರಿಯ ಬಾಗಿಲನ್ನು ಎಲ್ಲರಿಗೂ ತೆರೆದರೆ ನಡುವಿನ ನಿಲುವಿನವರು ಗೆಲ್ಲುತ್ತಾರಾ? ನ್ಯೂಯಾರ್ಕ್, ಫ್ಲಾರಿಡಾದಂಥ ರಾಜ್ಯಗಳಲ್ಲಿ ಪ್ರೈಮರಿ ಮುಚ್ಚಿದ್ದು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವಾಗ ಯಾವ ಪಕ್ಷ ಅಂತ ಹೇಳಿರಬೇಕು, ಆ ಪಕ್ಷದ ಪ್ರೈಮರಿಯಲ್ಲಿ ಮಾತ್ರ ಮತ. ಮಿಷಿಗನ್, ಟೆಕ್ಸಾಸ್, ವರ್ಜೀನಿಯಾದಲ್ಲಿ ತೆರೆದದ್ದು. ಯಾರು ಬೇಕಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಗೆ ಹೋಗಿ ಮತ ಹಾಕಬಹುದು, ಯಾರೂ ಜಾತಕ ಕೇಳುವುದಿಲ್ಲ. ಇದರ ಪರ ಇರುವವರ ವಾದ ತುಂಬಾ ಸರಳ. ಮುಚ್ಚಿದ ಪ್ರೈಮರಿಗೆ ಬರುವವರು ಪಕ್ಷದ ಕಟ್ಟಾ ಅಭಿಮಾನಿಗಳು, ಅವರಿಗೆ ಹಿಡಿಸುವವರು ಜೋರು ಗಂಟಲಿನವರು, ಹಾಗಾಗಿ ನವೆಂಬರಿನಲ್ಲಿ ಜನರ ಮುಂದೆ ಉಳಿಯುವುದು ಎರಡು ತುದಿಗಳು ಮಾತ್ರ. ಬಾಗಿಲು ತೆರೆದರೆ ನಡುವಿನ ಜನ ಬರುತ್ತಾರೆ, ನಡುವಿನ ಅಭ್ಯರ್ಥಿ ಗೆಲ್ಲುತ್ತಾರೆ.

"ನಡುವಿನವರು" ಅನ್ನುವುದಕ್ಕೆ ನಾನು ಒಳ್ಳೆಯ ಕನ್ನಡ ಪದ ಹುಡುಕಿ ಸೋತೆ. ಶಾಲೆಯಲ್ಲಿ ಗೋಖಲೆ ಮಂದಗಾಮಿ, ತಿಲಕ್ ತೀವ್ರಗಾಮಿ ಅಂತ ಓದಿದ್ದೆವಲ್ಲ, ಆ ಮಂದಗಾಮಿ ಅನ್ನುವ ಪದ ಕೇಳಿದರೇ ನಿದ್ದೆ ಬರುತ್ತದೆ. "ಹೊಂದಾಣಿಕೆ ಮಾಡಿಕೊಳ್ಳುವವರು" ಅನ್ನೋಣ ಅಂದರೆ ನಮ್ಮಲ್ಲಿ ಹೊಂದಾಣಿಕೆ ರಾಜಕಾರಣ ಅಂದರೆ ಬೈಗುಳ. ಅಲ್ಲೂ ಅಷ್ಟೇ. ಎದುರು ಪಕ್ಷದವರ ಜೊತೆ ಕೂತು ಮಾತಾಡಿದ ರಿಪಬ್ಲಿಕನ್ನರನ್ನು ಅವರ ಪಕ್ಷದವರೇ "ಹೆಸರಿಗೆ ಮಾತ್ರ ರಿಪಬ್ಲಿಕನ್" ಅಂತ ಹೀಯಾಳಿಸುತ್ತಾರೆ. ಆದ್ದರಿಂದ ಮಂದಗಾಮಿ ಅಂತಲೇ ಇಟ್ಟುಕೊಳ್ಳೋಣ, ನಿದ್ದೆ ಬಂದರೆ ನನ್ನ ತಪ್ಪಲ್ಲ.

ಬಾಗಿಲು ತೆರೆದರೆ ಮಂದಗಾಮಿಗಳು ಗೆಲ್ಲುತ್ತಾರಾ? ನನಗೆ ಇದನ್ನು ಪರೀಕ್ಷೆ ಮಾಡಿ ನೋಡಲು ಸಿಕ್ಕ ಅತಿ ಒಳ್ಳೆಯ ಅವಕಾಶ 2022. ಹಿಂದಿನ ವರ್ಷ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಟ್ರಂಪ್ ವಿರುದ್ಧ ಮಹಾಭಿಯೋಗ ಬಂತು. ಕೆಳಮನೆಯಲ್ಲಿ 10 ಮಂದಿ ರಿಪಬ್ಲಿಕನ್ನರು ತಮ್ಮದೇ ಪಕ್ಷದ ಅಧ್ಯಕ್ಷನ ವಿರುದ್ಧ ಮತ ಹಾಕಿದರು. ಮುಂದಿನ ಚುನಾವಣೆ ಹೊತ್ತಿಗೆ ಅವರಲ್ಲಿ ನಾಲ್ವರು ಸುಮ್ನೆ ನಿವೃತ್ತಿ ಹೇಳಿ ಹೊರಟರು. ನಾಲ್ವರು ಪ್ರೈಮರಿಯಲ್ಲಿ ಸೋತರು. ಉಳಿದವರು ಇಬ್ಬರು.

ಸೋತವರು ಎಲ್ಲಿ ಸೋತರು ಅಂತ ನೋಡಿ. ಟಾಮ್ ರೈಸ್, ದಕ್ಷಿಣ ಕೆರೊಲಿನಾ: ತೆರೆದ ಪ್ರೈಮರಿ. ಪೀಟರ್ ಮೈಯರ್, ಮಿಷಿಗನ್: ತೆರೆದ ಪ್ರೈಮರಿ. ಲಿಜ್ ಚೇನಿ, ವಯೋಮಿಂಗ್: ಅಲ್ಲಿ ಆಗ ಮತಗಟ್ಟೆಯಲ್ಲೇ ಪಕ್ಷ ಬದಲಾಯಿಸಿ ಮತ ಹಾಕಬಹುದಿತ್ತು, ಡೆಮೊಕ್ರಾಟರು ಬಂದು ಕಾಪಾಡಲಿ ಅಂತ ಅವರ ಕಡೆಯವರು ಕೇಳಿಕೊಂಡೂ ಇದ್ದರು, ಆದರೂ ಅವರಿಗೆ ಸಿಕ್ಕಿದ್ದು ಶೇ 29ರಷ್ಟು ಮತ. ಬಾಗಿಲು ತೆರೆದಿತ್ತು. ಕಾಪಾಡುವಷ್ಟು ಜನ ಬರಲಿಲ್ಲ. ವಯೋಮಿಂಗ್‌ನಲ್ಲಿ ಅಷ್ಟು ಡೆಮೊಕ್ರಾಟರು ಇರಲೂ ಇಲ್ಲ ಬಿಡಿ.

ಮೈಯರ್ ಕಥೆ ಇನ್ನೂ ಸ್ವಾರಸ್ಯ. ಅವರ ಎದುರು ಪ್ರೈಮರಿಯಲ್ಲಿ ನಿಂತಿದ್ದು ಟ್ರಂಪ್ ಬೆಂಬಲದ ಜಾನ್ ಗಿಬ್ಸ್. ಡೆಮೊಕ್ರಾಟಿಕ್ ಪಕ್ಷದ ಚುನಾವಣಾ ಸಮಿತಿ 4 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿ ಟಿವಿ ಜಾಹೀರಾತು ಕೊಟ್ಟಿತು. ಯಾರ ಪರ? ಮೇಲ್ನೋಟಕ್ಕೆ ಗಿಬ್ಸ್ ವಿರುದ್ಧ. "ಇವರು ಟ್ರಂಪ್ ಕಡೆಯವರು, ತೀರಾ ಬಲಪಂಥೀಯರು" ಅಂತ. ರಿಪಬ್ಲಿಕನ್ ಮತದಾರರಿಗೆ ಅದು ಬೈಗುಳವೋ ಹೊಗಳಿಕೆಯೋ ನೀವೇ ಹೇಳಿ. ಗಿಬ್ಸ್ ಪ್ರೈಮರಿ ಗೆದ್ದರು, ನವೆಂಬರಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ಹಿಲರಿ ಶೋಲ್ಟನ್ ಎದುರು ಸೋತರು. ಲೆಕ್ಕ ಸರಿಯಾಗಿ ಕೂತಿತು. ಮಂದಗಾಮಿಗಳು ಬೇಕು ಬೇಕು ಅಂತ ಭಾಷಣ ಮಾಡುವ ಪಕ್ಷವೇ ಎದುರು ಪಕ್ಷದ ಮಂದಗಾಮಿಯನ್ನು ಮನೆಗೆ ಕಳಿಸಿತು.

ಇನ್ನು ಉಳಿದ ಇಬ್ಬರು. ಕ್ಯಾಲಿಫೋರ್ನಿಯಾದ ಡೇವಿಡ್ ವಾಲಡೇವೊ, ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್. ಈ ಎರಡು ರಾಜ್ಯಗಳ ಪ್ರೈಮರಿ ಬೇರೆಯದೇ ಜಾತಿ. ಎಲ್ಲ ಪಕ್ಷದವರ ಹೆಸರೂ ಒಂದೇ ಪಟ್ಟಿಯಲ್ಲಿ ಇರುತ್ತದೆ, ಎಲ್ಲ ಮತದಾರರೂ ಆ ಒಂದು ಪಟ್ಟಿಗೇ ಮತ ಹಾಕುತ್ತಾರೆ, ಮೊದಲ ಎರಡು ಸ್ಥಾನ ಬಂದವರು ನವೆಂಬರಿಗೆ ಹೋಗುತ್ತಾರೆ, ಅವರಿಬ್ಬರೂ ಒಂದೇ ಪಕ್ಷದವರಾದರೂ ಸರಿ. ವಾಲಡೇವೊ, ನ್ಯೂಹೌಸ್ ಇಬ್ಬರಿಗೂ ಪ್ರೈಮರಿಯಲ್ಲಿ ಬಿದ್ದಿದ್ದು ಹೆಚ್ಚು ಕಡಿಮೆ ಕಾಲು ಭಾಗ ಮತ. ಆದರೆ ಮೊದಲ ಇಬ್ಬರಲ್ಲಿ ಒಬ್ಬರಾಗಲು ಅಷ್ಟು ಸಾಕಾಯಿತು. ಇದರ ಅರ್ಥ ಆ ಪದ್ಧತಿ ಕಾಪಾಡಿತು ಅಂತಲಾ? ಸ್ವಲ್ಪ ಹೌದು. ಆದರೆ ಅದೇ ವಾಷಿಂಗ್ಟನ್ ರಾಜ್ಯದಲ್ಲಿ, ಅದೇ ಪದ್ಧತಿಯಲ್ಲಿ, ಜೇಮಿ ಹೆರೆರಾ ಬಟ್ಲರ್ ಮೂರನೆಯವರಾಗಿ ಹೊರಬಿದ್ದರು, ಅದೂ ಸಾವಿರದ ಆಸುಪಾಸಿನ ಮತಗಳಲ್ಲಿ. ಹತ್ತರಲ್ಲಿ ನಾಲ್ಕನೇ ಸೋಲು ಅವರದೇ.

ಇಲ್ಲಿ ಒಬ್ಬರು ಎದ್ದು ನಿಂತು, "ನೀವು ಸೋತವರನ್ನೇ ಹೇಳ್ತಿದ್ದೀರಿ, ತೆರೆದ ಪ್ರೈಮರಿಯಿಂದ ಗೆದ್ದವರೇ ಇಲ್ವಾ?" ಅಂದರು. ಇದ್ದಾರೆ. 2014ರ ಜೂನ್, ಮಿಸಿಸಿಪ್ಪಿ. ಸೆನೆಟರ್ (ಅಂದರೆ ಸಂಸತ್ತಿನ ಮೇಲ್ಮನೆ ಸದಸ್ಯ) ಥ್ಯಾಡ್ ಕಾಕ್ರನ್, ಹಳೆ ಕಾಲದ ರಿಪಬ್ಲಿಕನ್, ರಾಜ್ಯಕ್ಕೆ ಅನುದಾನ ತರುವುದರಲ್ಲಿ ಎತ್ತಿದ ಕೈ. ಎದುರಾಳಿ ಕ್ರಿಸ್ ಮೆಕ್‌ಡೇನಿಯಲ್, ಟೀ ಪಾರ್ಟಿ ಅನ್ನುವ ಕಟ್ಟಾ ಬಲಪಂಥೀಯ ಬಣದ ಕಡೆಯವರು. ಮೊದಲ ಸುತ್ತಿನಲ್ಲಿ ಕಾಕ್ರನ್ ಕೂದಲೆಳೆಯಲ್ಲಿ ಹಿಂದೆ ಬಿದ್ದರು. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದ್ದರಿಂದ ಮೂರು ವಾರಕ್ಕೆ ಎರಡನೇ ಸುತ್ತು. ಆ ಮೂರು ವಾರ ಅವರ ಕಡೆಯವರು ಹೋಗಿ ಬಾಗಿಲು ತಟ್ಟಿದ್ದು ಯಾರದು ಗೊತ್ತಾ? ಡೆಮೊಕ್ರಾಟರಿಗೇ ಮತ ಹಾಕುತ್ತಾ ಬಂದಿದ್ದ ಕಪ್ಪು ಜನರದು. ಅವರು ಬಂದರು, ಕಾಕ್ರನ್ ಏಳೆಂಟು ಸಾವಿರ ಮತಗಳಿಂದ ಗೆದ್ದರು. ಕಪ್ಪು ಮತದಾರರು ಮಿಸಿಸಿಪ್ಪಿಯ ರಿಪಬ್ಲಿಕನ್ ಸೆನೆಟರನ್ನು ಉಳಿಸಿಕೊಂಡರು! ಆದರೆ ಅದೇ ತಿಂಗಳು, ಎರಡು ವಾರ ಮೊದಲು, ವರ್ಜೀನಿಯಾದ ತೆರೆದ ಪ್ರೈಮರಿಯಲ್ಲಿ ಕೆಳಮನೆಯಲ್ಲಿ ರಿಪಬ್ಲಿಕನ್ ಪಕ್ಷದ ಬಹುಮತ ನಾಯಕರಾಗಿದ್ದ ಎರಿಕ್ ಕ್ಯಾಂಟರ್ ತಮಗಿಂತ ಬಲಕ್ಕಿದ್ದ ಒಬ್ಬ ಕಾಲೇಜು ಮೇಷ್ಟ್ರ ಕೈಲಿ ಸೋತಿದ್ದರು. ಆ ಹುದ್ದೆ 1899ರಲ್ಲಿ ಹುಟ್ಟಿದ ಮೇಲೆ ಅದರಲ್ಲಿದ್ದವರು ಪ್ರೈಮರಿ ಸೋತದ್ದು ಅದೇ ಮೊದಲು.

ಎರಡೂ ಕಡೆ ಬಾಗಿಲು ತೆರೆದೇ ಇತ್ತು. ವ್ಯತ್ಯಾಸ ಎಲ್ಲಿ? ಮಿಸಿಸಿಪ್ಪಿಯಲ್ಲಿ ಯಾರೋ ಹೋಗಿ ಕರೆದರು, ಕರೆದವರ ಮುಖ ಅಲ್ಲಿನ ಜನಕ್ಕೆ ನಲವತ್ತು ವರ್ಷದಿಂದ ಗೊತ್ತಿತ್ತು, ಎದುರಿಗಿದ್ದವರು ಬಂದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ನಾನು ಇಷ್ಟು ವರ್ಷ ನೋಡಿ ಕಂಡುಕೊಂಡದ್ದು ಇಷ್ಟೇ: ತೆರೆದ ಪ್ರೈಮರಿ ಹೊಸ ಮಂದಗಾಮಿಗಳನ್ನು ತಯಾರು ಮಾಡುವುದು ಬಹಳ ಕಡಿಮೆ. ಈಗಾಗಲೇ ಇರುವ, ಎಲ್ಲರಿಗೂ ಹೆಸರು ಗೊತ್ತಿರುವ ಒಬ್ಬ ಮಂದಗಾಮಿಗೆ ಅದು ಕೆಲವೊಮ್ಮೆ ಜೀವದಾನ ಕೊಡುತ್ತದೆ, ಅಷ್ಟೇ.

ಸಂಶೋಧಕರೂ ಇದರ ಮೇಲೆ ಕಚ್ಚಾಡಿದ್ದಾರೆ. ಎರಿಕ್ ಮೆಗೀ ಮತ್ತು ಅವರ ಜೊತೆಯವರು 2014ರಲ್ಲಿ ಬರೆದ ಪ್ರಬಂಧದಲ್ಲಿ, ಪ್ರೈಮರಿ ತೆರೆದದ್ದೋ ಮುಚ್ಚಿದ್ದೋ ಅನ್ನುವುದರಿಂದ ಶಾಸಕರು ಎಷ್ಟು ತೀವ್ರಗಾಮಿಗಳು ಅನ್ನುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಅಂದರು. ಕ್ರಿಶ್ಚಿಯನ್ ಗ್ರೋಸ್ ಅನ್ನುವ ಇನ್ನೊಬ್ಬ ಪ್ರಾಧ್ಯಾಪಕರು 2020ರಲ್ಲಿ, ಇಲ್ಲ, ಮೊದಲ ಇಬ್ಬರ ಪದ್ಧತಿ ಇರುವ ಕಡೆ ಗೆದ್ದವರು ಸ್ವಲ್ಪ ನಡುವಿಗೆ ಬಂದಿದ್ದಾರೆ ಅಂತ ತೋರಿಸಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಲರ್, ಸಿಟ್ರಿನ್, ಲೆನ್ಜ್ ಅನ್ನುವ ಮೂವರು 2012ರ ಕ್ಯಾಲಿಫೋರ್ನಿಯಾ ಪ್ರೈಮರಿ ಹೊತ್ತಿಗೆ ಮಾಡಿದ ಪ್ರಯೋಗ. ಕೆಲವು ಮತದಾರರಿಗೆ ಹಳೆಯ ಮುಚ್ಚಿದ ಮತಪತ್ರದ ನಮೂನೆ, ಕೆಲವರಿಗೆ ಹೊಸ ಒಂದೇ ಪಟ್ಟಿಯ ನಮೂನೆ ಕೊಟ್ಟು ನೋಡಿದರು. ಮಂದಗಾಮಿ ಅಭ್ಯರ್ಥಿಗಳಿಗೆ ಲಾಭ ಆಗಲಿಲ್ಲ. ಜನರಿಗೆ ನಡುವಿನವರು ಬೇಡ ಅಂತಲ್ಲ. ಒಂದೇ ಪಕ್ಷದ ಇಬ್ಬರಲ್ಲಿ ಯಾರು ನಡುವಿನವರು, ಯಾರು ತುದಿಯವರು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನನ್ನನ್ನೇ ಕೇಳಿದ್ದರೂ ಗೊತ್ತಿರುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಮನೆಗೆ ಬರುವ ಆ ಉದ್ದದ ಮತಪತ್ರ ಬಿಡಿಸಿದರೆ ನ್ಯಾಯಾಧೀಶರಿಂದ ಹಿಡಿದು ಜಿಲ್ಲಾ ಶಿಕ್ಷಣಾಧಿಕಾರಿವರೆಗೆ ಹೆಸರುಗಳು. ಅರ್ಧಕ್ಕರ್ಧ ಹೆಸರು ನಾನು ಕೇಳಿಯೇ ಇರುವುದಿಲ್ಲ.

ಕ್ಯಾಲಿಫೋರ್ನಿಯಾ ನಮ್ಮ ಮನೆ, ಹಾಗಾಗಿ ಅದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ಅಲ್ಲಿಗೆ ಈ ಪದ್ಧತಿ ಬಂದದ್ದು ಯಾವ ಆದರ್ಶದಿಂದಲೂ ಅಲ್ಲ, ಒಂದೇ ಒಂದು ಮತದ ವ್ಯಾಪಾರದಿಂದ. 2009ರ ಫೆಬ್ರವರಿ, ರಾಜ್ಯದ ಬೊಕ್ಕಸ ಬರಿದು, ಬಜೆಟ್ ಪಾಸಾಗಲು ಮೂರನೇ ಎರಡು ಬಹುಮತ ಬೇಕಿತ್ತು, ರಾಜ್ಯದ ಸೆನೆಟ್‌ನಲ್ಲಿ ಒಂದು ಮತ ಕಡಿಮೆ ಬೀಳುತ್ತಿತ್ತು. ಏಬಲ್ ಮಾಲ್ಡೊನಾಡೊ ಅನ್ನುವ ರಿಪಬ್ಲಿಕನ್ "ನಾನು ಕೊಡ್ತೀನಿ, ಆದರೆ ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿರುವ ಪ್ರೈಮರಿಯನ್ನು ಜನರ ಮುಂದೆ ಇಡಬೇಕು" ಅಂದರು. ಇಟ್ಟರು. 2010ರ ಜೂನ್‌ನಲ್ಲಿ ಜನ ಒಪ್ಪಿದರು, 2012ರಿಂದ ಜಾರಿಗೆ ಬಂತು. 2012ರಲ್ಲಿ ಮಾಲ್ಡೊನಾಡೊ ತಾವೇ ಸಂಸತ್ತಿಗೆ ನಿಂತರು, ಸೋತರು.

ಆ ಮೊದಲ ವರ್ಷವೇ ಒಂದು ತಮಾಷೆ ಆಯಿತು. ಲಾಸ್ ಏಂಜಲಿಸ್‌ನಿಂದ ಪೂರ್ವಕ್ಕಿರುವ 31ನೇ ಕ್ಷೇತ್ರದಲ್ಲಿ ಡೆಮೊಕ್ರಾಟಿಕ್ ಮತ ಜಾಸ್ತಿ. ನಾಲ್ವರು ಡೆಮೊಕ್ರಾಟರು ನಿಂತು ಮತ ಹಂಚಿಕೊಂಡರು, ಇಬ್ಬರೇ ರಿಪಬ್ಲಿಕನ್ನರು ನಿಂತು ಮೊದಲ ಎರಡು ಸ್ಥಾನ ಹೊಡೆದರು. ನವೆಂಬರಿನಲ್ಲಿ ಆ ಕ್ಷೇತ್ರದವರಿಗೆ ಉಳಿದ ಆಯ್ಕೆ ರಿಪಬ್ಲಿಕನ್ ಅಥವಾ ರಿಪಬ್ಲಿಕನ್. ಮತ ಒಡೆಯುವುದು ಅಂದರೆ ಏನು ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನಿರುವುದು 17ನೇ ಕ್ಷೇತ್ರದಲ್ಲಿ. ಸನಿವೇಲ್, ಕ್ಯುಪರ್ಟಿನೊ, ಸ್ಯಾಂಟಾ ಕ್ಲಾರಾ ಎಲ್ಲ ಇದರೊಳಗೆ. ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ತರಕಾರಿ ಅಂಗಡಿಯಲ್ಲಿ ನಿಂತರೆ ಸಾಕು, ಮಂಡ್ಯ, ಧಾರವಾಡ, ಕುಂದಾಪುರ ಮೂರೂ ಕಿವಿಗೆ ಬೀಳುತ್ತವೆ. 2014ರಲ್ಲಿ ಇಲ್ಲಿ ಹಳೆಯ ಸಂಸದ ಮೈಕ್ ಹೋಂಡಾ ಎದುರು ರೋ ಖನ್ನಾ ನಿಂತರು. ಇಬ್ಬರೂ ಡೆಮೊಕ್ರಾಟರು. ಮುಚ್ಚಿದ ಪ್ರೈಮರಿ ಆಗಿದ್ದರೆ ಕಥೆ ಜೂನ್‌ನಲ್ಲೇ ಮುಗಿಯುತ್ತಿತ್ತು. ಹೊಸ ಪದ್ಧತಿಯಿಂದ ಇಬ್ಬರೂ ನವೆಂಬರಿಗೆ ಬಂದರು, ರಿಪಬ್ಲಿಕನ್ ಮತದಾರರ ಮನೆಗೂ ಹೋಗಿ ಮತ ಕೇಳಬೇಕಾಯಿತು. ಆಗ ಖನ್ನಾ ಅಂದರೆ ಟೆಕ್ ಕಂಪನಿಯವರ ಮೆಚ್ಚಿನ ಅಭ್ಯರ್ಥಿ, ಹೋಂಡಾ ಅಂದರೆ ಕಾರ್ಮಿಕ ಸಂಘಗಳ ಅಭ್ಯರ್ಥಿ. ಆ ಸಲ ಹೋಂಡಾ ಗೆದ್ದರು, 2016ರಲ್ಲಿ ಖನ್ನಾ ಗೆದ್ದರು. ಪಠ್ಯಪುಸ್ತಕದ ಪ್ರಕಾರ ಇದು ಮಂದಗಾಮಿಯ ಗೆಲುವು. ಆಮೇಲೆ ಏನಾಯಿತು? ಅದೇ ಖನ್ನಾ 2020ರಲ್ಲಿ ಬರ್ನಿ ಸ್ಯಾಂಡರ್ಸ್ ಅವರ ಪ್ರಚಾರಕ್ಕೆ ಸಹ ಅಧ್ಯಕ್ಷರಾದರು, ಇವತ್ತು ಪಕ್ಷದ ಎಡ ಬದಿಯ ದೊಡ್ಡ ದನಿಗಳಲ್ಲಿ ಒಬ್ಬರು. ನಾನಿದನ್ನು ದೂರಿನ ಹಾಗೆ ಹೇಳುತ್ತಿಲ್ಲ, ಅವರ ಎಷ್ಟೋ ನಿಲುವು ನನಗೆ ಒಪ್ಪಿಗೆ. ಆದರೆ ಪ್ರೈಮರಿಯ ಪದ್ಧತಿ ನೋಡಿ ಗೆದ್ದವರು ಮುಂದೆ ಏನು ಮಾಡುತ್ತಾರೆ ಅಂತ ಲೆಕ್ಕ ಹಾಕುವವರಿಗೆ ನಮ್ಮ ಕ್ಷೇತ್ರ ತಲೆನೋವು.

ಇನ್ನೊಂದು ತೊಂದರೆ. ನವೆಂಬರಿನಲ್ಲಿ ಉಳಿದ ಇಬ್ಬರೂ ತಮಗೆ ಎದುರು ಪಕ್ಷದವರೇ ಆದರೆ ಜನ ಕಡಿಮೆ ಕೆಟ್ಟವರನ್ನು ಆರಿಸಿಕೊಳ್ಳುತ್ತಾರೆ ಅನ್ನುವುದು ಇಡೀ ಪದ್ಧತಿಯ ತಳಪಾಯ. 2016ರಲ್ಲಿ ಸೆನೆಟ್ ಸ್ಥಾನಕ್ಕೆ ಕಮಲಾ ಹ್ಯಾರಿಸ್ ಮತ್ತು ಲೊರೆಟ್ಟಾ ಸ್ಯಾಂಚೆಜ್, ಇಬ್ಬರೂ ಡೆಮೊಕ್ರಾಟರು. ಅದೇ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಬಿದ್ದ ಮತಗಳಿಗಿಂತ ಸೆನೆಟ್‌ಗೆ ಬಿದ್ದ ಮತ ಸುಮಾರು 19 ಲಕ್ಷ ಕಡಿಮೆ. ಅಷ್ಟು ಜನ ಆ ಜಾಗ ಖಾಲಿ ಬಿಟ್ಟರು. ನಮ್ಮ ಪಕ್ಕದ ಮನೆಯ ರಿಪಬ್ಲಿಕನ್ ಅಜ್ಜ ಅವರಲ್ಲಿ ಒಬ್ಬರು. "ಎರಡು ಬಗೆ ಹಾಗಲಕಾಯಿ ಇಟ್ಟರೆ ಯಾವುದನ್ನು ತಿನ್ನಲಿ" ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಅವರಿಗೆ ಹಾಗಲಕಾಯಿ ಗೊತ್ತಿಲ್ಲ, ಅನುವಾದ ನನ್ನದು.

2024ರಲ್ಲಂತೂ ಆಟ ಪಕ್ಕಾ ಆಯಿತು. ಸೆನೆಟ್ ಪ್ರೈಮರಿಯಲ್ಲಿ ಆಡಮ್ ಶಿಫ್ ಮುಂದಿದ್ದರು. ಎರಡನೇ ಸ್ಥಾನಕ್ಕೆ ತಮ್ಮದೇ ಪಕ್ಷದ ಕೇಟಿ ಪೋರ್ಟರ್ ಬಂದರೆ ನವೆಂಬರಿನಲ್ಲಿ ಕಷ್ಟ, ಹಳೆಯ ಬೇಸ್‌ಬಾಲ್ ಆಟಗಾರ, ರಿಪಬ್ಲಿಕನ್ ಸ್ಟೀವ್ ಗಾರ್ವಿ ಬಂದರೆ ಸುಲಭ. ಶಿಫ್ ಕಡೆಯ ಜಾಹೀರಾತುಗಳು ಗಾರ್ವಿಯನ್ನು "ಕ್ಯಾಲಿಫೋರ್ನಿಯಾಕ್ಕೆ ತೀರಾ ಬಲಪಂಥೀಯ" ಅಂತ ಬೈಯುತ್ತಾ ಬೈಯುತ್ತಾ ಮೇಲೆತ್ತಿದವು. ಪೋರ್ಟರ್ ಕೂಡ ಇನ್ನೊಬ್ಬ ರಿಪಬ್ಲಿಕನ್ ಹೆಸರನ್ನು ಹಾಗೇ ಮೇಲೆತ್ತಿ ಗಾರ್ವಿಯ ಮತ ಒಡೆಯಲು ನೋಡಿದರು. ಪೋರ್ಟರ್ ಮೂರನೆಯವರಾದರು, ಶಿಫ್ ನವೆಂಬರಿನಲ್ಲಿ ನಡೆದುಕೊಂಡೇ ಗೆದ್ದರು.

ಇಷ್ಟೆಲ್ಲ ಇದ್ದರೂ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಜಗಳ ಕಡಿಮೆಯಾಯಿತು ಅನ್ನುವುದು ನಿಜ. ಬಜೆಟ್ ಈಗ ಸಮಯಕ್ಕೆ ಪಾಸಾಗುತ್ತದೆ. ಆದರೆ ಅದೇ 2010ರಲ್ಲಿ ಜನ ಇನ್ನೊಂದು ತಿದ್ದುಪಡಿಗೂ ಮತ ಹಾಕಿ, ಬಜೆಟ್‌ಗೆ ಸರಳ ಬಹುಮತ ಸಾಕು ಅಂದಿದ್ದರು. ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನೂ ಅಷ್ಟರೊಳಗೆ ಶಾಸಕರ ಕೈಯಿಂದ ತೆಗೆದು ನಾಗರಿಕರ ಆಯೋಗಕ್ಕೆ ಕೊಟ್ಟಿದ್ದರು. ಮೂರು ಔಷಧಿ ಒಟ್ಟಿಗೆ ಕುಡಿದವನಿಗೆ ಜ್ವರ ಇಳಿದರೆ ಯಾವುದಕ್ಕೆ ಇಳಿಯಿತು ಅಂತ ಹೇಳುವುದು?

ನಮ್ಮವರ ಪೈಕಿ ಒಬ್ಬರ ಮಾತು ಹೇಳಲೇಬೇಕು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಈಗ ಮಿಷಿಗನ್‌ನ ಡೆಟ್ರಾಯಿಟ್ ಕಡೆಯ ಸಂಸದರು. 2022ರಲ್ಲಿ ಅಲ್ಲಿನ ತೆರೆದ ಪ್ರೈಮರಿಯಲ್ಲಿ ಡೆಮೊಕ್ರಾಟರ ಕಡೆ ಒಂಬತ್ತು ಅಭ್ಯರ್ಥಿಗಳು. ಇವರಿಗೆ ಬಂದದ್ದು ಸುಮಾರು ಶೇ 28. ಡೆಮೊಕ್ರಾಟರ ಭದ್ರ ಕೋಟೆ ಅದು, ಪ್ರೈಮರಿ ಗೆದ್ದರೆ ಮುಗಿಯಿತು, ನವೆಂಬರ್ ಬರೀ ಶಾಸ್ತ್ರ. ಅಂದರೆ ಪ್ರೈಮರಿಗೆ ಬಂದವರಲ್ಲೂ ಮುಕ್ಕಾಲು ಪಾಲು ಜನ ಬೇರೆಯವರನ್ನು ಬಯಸಿದ್ದರು. ಬಾಗಿಲು ತೆರೆದಿದೆಯೋ ಇಲ್ಲವೋ ಅನ್ನುವುದಕ್ಕಿಂತ ಒಳಗೆ ಎಷ್ಟು ಜನ ನಿಂತಿದ್ದಾರೆ, ಮತ ಹೇಗೆ ಎಣಿಸುತ್ತಾರೆ ಅನ್ನುವುದೇ ಇಂಥ ಕಡೆ ದೊಡ್ಡದು.

"ನಮ್ಮಲ್ಲೂ ಪ್ರೈಮರಿ ಮಾಡಿದ್ರಲ್ಲ?" ಅಂತ ಹಿಂದಿನಿಂದ ಒಂದು ದನಿ. ಹೌದು, 2014ರ ಲೋಕಸಭೆಗೆ ಕಾಂಗ್ರೆಸ್ ದೇಶದ ಹದಿನೈದು ಚಿಲ್ಲರೆ ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿತು, ಅದರಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಎರಡು. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಸದಸ್ಯರು ಮಾತ್ರ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದರು, ಲೋಕಸಭೆ ಚುನಾವಣೆಯಲ್ಲಿ ಇಬ್ಬರೂ ಸೋತರು. ಮೋದಿ ಅಲೆಯ ವರ್ಷ ಅದು, ಸೋಲಿಗೆ ಪ್ರೈಮರಿಯನ್ನು ಬೈದು ಪ್ರಯೋಜನವಿಲ್ಲ. ಆದರೆ ಪ್ರಯೋಗ ಅಲ್ಲಿಗೇ ನಿಂತಿತು. ತೆರೆದದ್ದು ಮುಚ್ಚಿದ್ದು ಅನ್ನುವ ಚರ್ಚೆ ನಮ್ಮಲ್ಲಿ ಶುರುವಾಗಬೇಕಾದರೆ ಮೊದಲು ಬಾಗಿಲು ಅಂತ ಒಂದು ಇರಬೇಕು.

ಕೊನೆಗೆ ಅದೇ ಹಿರಿಯರು ಕೈ ಎತ್ತಿದರು. "ಟಿಕೆಟ್ ತಪ್ಪಿದವರು ಅಲ್ಲಿ ಬಂಡಾಯ ನಿಲ್ಲಲ್ವಾ?"

ಹೆಚ್ಚಿನ ರಾಜ್ಯಗಳಲ್ಲಿ ನಿಲ್ಲುವ ಹಾಗಿಲ್ಲ. ಪ್ರೈಮರಿ ಸೋತವರ ಹೆಸರು ನವೆಂಬರಿನ ಮತಪತ್ರದಲ್ಲಿ ಬರಬಾರದು ಅಂತ ಕಾನೂನಿದೆ. ಆದರೆ ಒಂದು ಕಿಂಡಿ ಇದೆ. ಮತದಾರರು ತಾವೇ ಹೆಸರು ಬರೆದು ಮತ ಹಾಕಬಹುದು. 2010ರಲ್ಲಿ ಅಲಾಸ್ಕಾದ ಸೆನೆಟರ್ ಲಿಸಾ ಮರ್ಕೋವ್ಸ್ಕಿ ಪ್ರೈಮರಿಯಲ್ಲಿ ಟೀ ಪಾರ್ಟಿಯ ಜೋ ಮಿಲ್ಲರ್ ಎದುರು ಸೋತರು. ಸುಮ್ಮನಾಗಲಿಲ್ಲ. ತಮ್ಮ ಹೆಸರಿನ ಕಾಗುಣಿತ ಜನಕ್ಕೆ ಮರೆಯದ ಹಾಗೆ ಅದನ್ನು ಅಚ್ಚು ಹಾಕಿದ ಕೈಪಟ್ಟಿ ಹಂಚಿದರು. ನವೆಂಬರಿನಲ್ಲಿ ಸುಮಾರು 10 ಸಾವಿರ ಮತಗಳಿಂದ ಗೆದ್ದರು. ತಪ್ಪು ಕಾಗುಣಿತದ ಮತ ಎಣಿಸಬಾರದು ಅಂತ ಮಿಲ್ಲರ್ ಕೋರ್ಟಿಗೆ ಹೋದರು, ಮತದಾರರ ಮನಸ್ಸು ಏನು ಅಂತ ಗೊತ್ತಾದರೆ ಸಾಕು ಅಂತ ಅಲಾಸ್ಕಾದ ಸುಪ್ರೀಂ ಕೋರ್ಟ್ ಹೇಳಿತು. ನಾನು ಮೊದಲು ಹೇಳಿದ ಮಹಾಭಿಯೋಗ ಸೆನೆಟ್‌ಗೆ ಬಂದಾಗ ಟ್ರಂಪ್ ತಪ್ಪಿತಸ್ಥ ಅಂತ ಮತ ಹಾಕಿದ ಏಳು ರಿಪಬ್ಲಿಕನ್ನರಲ್ಲಿ 2022ರಲ್ಲಿ ಮತ್ತೆ ಕಣಕ್ಕಿಳಿದವರು ಇವರೊಬ್ಬರೇ. ಅಷ್ಟರಲ್ಲಿ ಅಲಾಸ್ಕಾದಲ್ಲಿ ಒಂದೇ ಪಟ್ಟಿ, ಮೊದಲ ನಾಲ್ವರು ಮುಂದಕ್ಕೆ, ನವೆಂಬರಿನಲ್ಲಿ ಒಂದು, ಎರಡು, ಮೂರು ಅಂತ ಕ್ರಮ ಹಾಕುವ ಪದ್ಧತಿ ಬಂದಿತ್ತು. ಆ ಸಲ ಕೈಪಟ್ಟಿ ಬೇಕಾಗಲಿಲ್ಲ, ಡೆಮೊಕ್ರಾಟರ ಅಭ್ಯರ್ಥಿ ಎಣಿಕೆಯಿಂದ ಹೊರಬಿದ್ದ ಮೇಲೆ ಅವರ ಮತದಾರರ ಎರಡನೇ ಆಯ್ಕೆಯ ಮತಗಳೂ ಬಂದು ಸೇರಿ ಗೆದ್ದರು. 2024ರಲ್ಲಿ ಆ ಪದ್ಧತಿಯನ್ನೇ ತೆಗೆಯಬೇಕು ಅಂತ ಜನಮತ ನಡೆಯಿತು, ಉಳಿದದ್ದು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ. ಅದೇ ದಿನ ನೆವಾಡಾ, ಐಡಹೋ, ಕೊಲೊರಾಡೊ, ಅರಿಜೋನಾ, ದಕ್ಷಿಣ ಡಕೋಟಾದಲ್ಲಿ ಪ್ರೈಮರಿ ತೆರೆಯುವ ಪ್ರಸ್ತಾಪಗಳನ್ನು ಜನ ಬೇಡ ಅಂದರು.

"ಆ ಹೆಣ್ಣುಮಗಳ ಹೆಸರು ಬರೆದು ತೋರಿಸಿ ನೋಡೋಣ" ಅಂದರು ಹಿರಿಯರು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದೆ. ಅವರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಒಂದು ಅಕ್ಷರ ತಪ್ಪು ಬರೆದಿದ್ದೆ ಅಂತ ನನಗೆ ಗೊತ್ತಾದದ್ದು ರಾತ್ರಿ ಮನೆಗೆ ಬಂದ ಮೇಲೆ.